ಕೊಕ್ಕರೆ ವೇಷದಲ್ಲಿ ಅಧ್ಯಕ್ಷರು

ಅಧ್ಯಕ್ಷರ ಆ ದಿನ ಹಾಳಾಗುವುದಕ್ಕೆ ಕಾರಣ ಹುಲಿಯಲ್ಲ, ಚಿರತೆಯಲ್ಲ, ಒಂದು ದವಡೆ ಹಲ್ಲು. ಅದೂ ಅವರದಲ್ಲ, ಅಕ್ಕನದು.

ಅಕ್ಕ ಎಂದರೆ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ತಾಯಿಯಿಲ್ಲದ ಮರಿಗಳನ್ನು ಸಾಕುವ ಹೆಂಗಸು. ಆರಡಿಗೆ ಎರಡು ಬೆರಳು ಕಮ್ಮಿ ಎತ್ತರ, ದಿನಕ್ಕೆ ಹೆಚ್ಚೆಂದರೆ ಹತ್ತು ಮಾತು. ಬೆಳಿಗ್ಗೆ ಎಂಟು ಗಂಟೆಗೆ ಅವಳು ಬಂದು ಬಾಗಿಲಲ್ಲಿ ನಿಂತಾಗ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಅಧ್ಯಕ್ಷರು ಕನ್ನಡಿಯ ಮುಂದೆ ನಿಂತು ಹದಿನೆಂಟು ಪುಟದ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದರು. ಹನ್ನೊಂದಕ್ಕೆ ಟ್ರಸ್ಟಿಗಳ ಸಭೆ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಆರಿಸುವ ಸಭೆ ಅದು. ಕುರ್ಚಿ ಬೇಕೆನ್ನುವವರು ಸ್ವತಃ ಹಾಜರಿದ್ದು, ತಮ್ಮ ಪರವಾಗಿ ತಾವೇ ಮಾತಾಡಬೇಕು ಎಂಬುದು ಟ್ರಸ್ಟಿನ ನಿಯಮ. ಮಾತಾಡಬೇಕು ಎನ್ನುವ ನಿಯಮಕ್ಕೆ ಅಧ್ಯಕ್ಷರು ಇಂದಿನವರೆಗೂ ಹೆದರಿದವರಲ್ಲ.

"ಸರ್, ಹಲ್ಲು," ಎಂದಳು ಅಕ್ಕ. "ಕೀಳಿಸ್ಬೇಕು. ಒಂದು ಗಂಟೆ."

"ಹೋಗಿ ಬಾಮ್ಮ, ಅದಕ್ಕೇನಂತೆ."

"ಕೊಕ್ಕರೆ ಮರಿ," ಎಂದಳು ಅಕ್ಕ. ಅವಳ ಅರ್ಧ ದಿನದ ಮಾತು ಅಲ್ಲಿಗೆ ಖರ್ಚಾಗಿತ್ತು.

ಆಗ ಅಧ್ಯಕ್ಷರಿಗೆ ವಿಷಯದ ಬಿಸಿ ತಟ್ಟಿತು. ಕೇಂದ್ರದ ಹಿತ್ತಲಲ್ಲಿ ಒಂದು ಕೊಕ್ಕರೆ ಮರಿಯಿತ್ತು. ಆ ಜಾತಿಯ ಕೊಕ್ಕರೆಗಳು ಸುತ್ತಲ ಕೆರೆಗಳಿಂದ ಮಾಯವಾಗಿ ಎಷ್ಟೋ ವರ್ಷವಾಗಿತ್ತು. ಈ ವರ್ಷ ಎಲ್ಲಿಂದಲೋ ಬಂದ ಒಂದು ಜೋಡಿ ಕಟ್ಟಿ, ಬಿರುಗಾಳಿಗೆ ಬಿದ್ದ ಗೂಡಿನಲ್ಲಿ ಉಳಿದಿದ್ದ ಒಂದೇ ಮೊಟ್ಟೆಯನ್ನು ತಂದು, ಶಾಖ ಕೊಟ್ಟು ಮರಿ ಮಾಡಿದ್ದರು. ಮನುಷ್ಯರ ಸಲಿಗೆ ಹತ್ತಿದ ಕೊಕ್ಕರೆ ಕಾಡಿಗೆ ಹೋದರೂ ಬದುಕುವುದಿಲ್ಲ. ಅದಕ್ಕೇ ಮರಿಯ ಹತ್ತಿರ ಹೋಗುವವರು ತಲೆಯಿಂದ ಕಾಲಿನವರೆಗೆ ಬೂದು ಬಟ್ಟೆಯ ಕೊಕ್ಕರೆ ವೇಷ ತೊಡಬೇಕು. ಮುಖಕ್ಕೆ ಕಪ್ಪು ಜಾಲರಿ. ಬಲಗೈಗೆ ಕೈಗವಸಿನ ಹಾಗೆ ಕೊಕ್ಕರೆಯ ಕತ್ತು, ತಲೆ. ಬೆರಳಾಡಿಸಿದರೆ ಕೊಕ್ಕು ತೆರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿದ್ದವರು ತುಟಿ ಬಿಚ್ಚಬಾರದು. ಬೇರೆಯವರ ಗದ್ದಲ ಕೇಳಿ ಮರಿ ಬೆದರಿದರೆ ಒಳ್ಳೆಯದೇ, ಮನುಷ್ಯರನ್ನು ಕಂಡರೆ ದೂರ ಓಡುವುದನ್ನು ಕಲಿಯುತ್ತದೆ. ಆದರೆ ತಾಯಿಯ ಬಾಯಿಂದಲೇ ಮನುಷ್ಯರ ಮಾತು ಬಂದರೆ ಮುಗಿಯಿತು. ಮನುಷ್ಯರೆಲ್ಲ ತನ್ನ ಬಳಗ ಎಂದು ನಂಬಿ, ಜನ್ಮವೆಲ್ಲ ಪಂಜರದಲ್ಲೇ ಕಳೆಯಬೇಕಾಗುತ್ತದೆ.

ಈ ನಿಯಮ ಬರೆದವರು ಅಧ್ಯಕ್ಷರೇ. ಹಿತ್ತಿಲ ಬಾಗಿಲಿಗೆ ಬೋರ್ಡು ಹಾಕಿಸಿದ್ದರು: 'ವೇಷದೊಳಗೆ ಮಾತಾಡಿದವರನ್ನು ಆ ದಿನವೇ ಕೆಲಸದಿಂದ ತೆಗೆಯಲಾಗುವುದು.'

"ಆ ಹುಡುಗರಿಬ್ಬರು ಇಲ್ವೇನಮ್ಮ?" ಎಂದು ಕೇಳಿದರು. ಹುಡುಗರೆಂದರೆ ನಲವತ್ತು ದಾಟಿದ ಇಬ್ಬರು ಕೆಲಸಗಾರರು.

ಅಕ್ಕ ಒಂದು ಬೆರಳು ಎತ್ತಿ ಮೂಗು ಒರೆಸಿ ತೋರಿಸಿದಳು. ಒಬ್ಬನಿಗೆ ನೆಗಡಿ, ಸೀನಿದರೆ ಕೆಲಸ ಕೆಟ್ಟಿತು. ಇನ್ನೊಂದು ಬೆರಳು ಎತ್ತಿ ಅಂಗೈಯನ್ನು ಸೊಂಟದ ಹತ್ತಿರಕ್ಕೆ ಇಳಿಸಿದಳು. ಇನ್ನೊಬ್ಬ ಗಿಡ್ಡ, ಮರಿ ಎತ್ತರ ನೋಡಿಯೇ ತಾಯಿಯನ್ನು ಗುರುತಿಸುತ್ತದೆ. ಆಮೇಲೆ ಅಕ್ಕ ಅಧ್ಯಕ್ಷರನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು. ಅವರು ಅವಳಷ್ಟೇ ಎತ್ತರವಿದ್ದರು.

ಅಧ್ಯಕ್ಷರೇನು ಪ್ರಾಣಿಗಳ ಕಷ್ಟ ಅರಿಯದವರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಕೇಂದ್ರ ಶುರುವಾದಾಗ ಇದ್ದದ್ದು ಒಂದು ಸೈಕಲ್ಲು, ಒಂದು ಬುಟ್ಟಿ, ಮತ್ತು ಇವರು. ಚಿಪ್ಪು ಸೀಳಿದ ಆಮೆ, ತಂತಿಗೆ ಸಿಕ್ಕ ಗೂಬೆ, ಚರಂಡಿಗೆ ಬಿದ್ದ ಕಾಡುಬೆಕ್ಕು ಎಲ್ಲವೂ ಆ ಬುಟ್ಟಿಯಲ್ಲೇ ಬಂದವು. ಆಮೇಲೆ ಯಾವುದೋ ಶಾಲೆಯವರು ಕರೆದು ಎರಡು ಮಾತಾಡಿ ಎಂದರು. ಅವತ್ತು ಹಿಡಿದ ಮೈಕನ್ನು ಇವರು ಇನ್ನೂ ಬಿಟ್ಟಿಲ್ಲ. ಮಾತಿನಿಂದಲೇ ಜಾಗ ಬಂತು, ಜೀಪು ಬಂತು, ಕಟ್ಟಡ ಎದ್ದಿತು ಎಂಬುದೂ ನಿಜ. ಆದರೆ ಪ್ರಾಣಿಯೊಂದನ್ನು ಕೈಯಾರೆ ಮುಟ್ಟಿ ಹದಿನೈದು ವರ್ಷವಾಗಿತ್ತು. ಕೆಲಸದವರು ಹಿಂದಿನಿಂದ ಇವರನ್ನು ಮೈಕಪ್ಪ ಎಂದು ಕರೆಯುತ್ತಿದ್ದರು.

"ಒಂದೇ ಗಂಟೆ ತಾನೇ?" ಎಂದರು ಅಧ್ಯಕ್ಷರು. ಅಕ್ಕ ತಲೆಯಾಡಿಸಿ, ವೇಷವನ್ನು ಅವರ ಕೈಗಿತ್ತು ಹೊರಟಳು.

ವೇಷ ಅಕ್ಕನ ಅಳತೆಗೆ ಹೊಲಿಸಿದ್ದು. ಉದ್ದ ಸರಿಹೋಯಿತು, ಅಗಲ ಹೋಗಲಿಲ್ಲ. ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಹೇಗೋ ಒಳಗೆ ತೂರಿಕೊಂಡರು. ಭಾಷಣದ ಹಾಳೆ, ಮೊಬೈಲು ಎರಡೂ ಪ್ಯಾಂಟಿನ ಜೇಬಿನಲ್ಲೇ ಉಳಿದವು. ಹಿತ್ತಲಿಗೆ ಕಾಲಿಟ್ಟ ಕೂಡಲೇ ಮೊಣಕಾಲೆತ್ತರದ, ಕಂದು ಬಣ್ಣದ, ಕಾಲೇ ಮೈಯಾದಂಥ ಒಂದು ಜೀವ ಪೀ ಪೀ ಎನ್ನುತ್ತ ಓಡಿಬಂದು ಅವರ ಕಾಲಿಗೆ ಒರಗಿತು.

ಅಧ್ಯಕ್ಷರಿಗೆ ಎದೆ ತುಂಬಿ ಬಂತು. 'ಬಾರೋ ಕಂದ' ಎನ್ನಲು ಬಾಯಿ ತೆರೆದವರು ನಾಲಿಗೆ ಕಚ್ಚಿಕೊಂಡರು. ಕೈಯ ಕೊಕ್ಕಿನಿಂದ ಕೆಸರು ಕೆದಕಿ ಹುಳು ತೋರಿಸಿದರು. ಮರಿ ತಿಂದಿತು. ನಾಲ್ಕು ಹೆಜ್ಜೆ ನಡೆದರೆ ಮರಿಯೂ ನಾಲ್ಕು ಹೆಜ್ಜೆ ನಡೆಯಿತು. ಇವರ ಎಡಗಾಲು ಸ್ವಲ್ಪ ಹೊರಗೆ ತಿರುಗಿ ಬೀಳುತ್ತದೆ. ಅರ್ಧ ಗಂಟೆಯೊಳಗೆ ಮರಿಯ ಎಡಗಾಲೂ ಹೊರಗೆ ತಿರುಗತೊಡಗಿತು. ಇಷ್ಟು ವರ್ಷ ಇದನ್ನೆಲ್ಲ ಬಿಟ್ಟು ಕುರ್ಚಿಯ ಮೇಲೆ ಏನು ಮಾಡುತ್ತಿದ್ದೆ ಎಂದು ಅವರಿಗೆ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ ಕುರ್ಚಿಯ ನೆನಪಾಗಿ ಗಡಿಯಾರ ನೋಡಬೇಕೆನಿಸಿತು. ಗಡಿಯಾರವಿದ್ದ ಕೈ ತೋಳಿನೊಳಗಿತ್ತು.

ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಅಕ್ಕ ಬರಲಿಲ್ಲ. ಶಾಲೆಯೊಂದರ ನೀರಿನ ತೊಟ್ಟಿಗೆ ಉಡ ಬಿದ್ದಿದೆಯೆಂದು ಫೋನು ಬಂದು ನೆಗಡಿಯವನೂ ಗಿಡ್ಡನೂ ಜೀಪು ಹತ್ತಿ ಹೊರಟುಹೋದರು. ಸಭೆಗೆಂದು ಬಾಡಿಗೆ ಕುರ್ಚಿ ಇಳಿಸಲು ಬಂದವರು ಹಿತ್ತಿಲ ಗೇಟಿನಿಂದ ಬಂದು, ಅಲ್ಲಿಂದಲೇ ಹೋದರು. ಹೋಗುವಾಗ ಗೇಟು ಹಾಕಲಿಲ್ಲ.

ಅಧ್ಯಕ್ಷರು ಇತ್ತ ತಿರುಗಿ ಹುಳು ಹುಡುಕಿ ಅತ್ತ ತಿರುಗುವಷ್ಟರಲ್ಲಿ ಮರಿ ರಸ್ತೆಯಲ್ಲಿತ್ತು.

ಕೂಗಿ ಕರೆಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಬಟ್ಟೆ ಎತ್ತಿ ಹಿಡಿದು, ಕೊಕ್ಕು ಮುಂದೆ ಚಾಚಿ ಹಿಂದೆ ಓಡಿದರು. ಬಗ್ಗಿ ಗೇಟು ದಾಟುವಾಗ ಹೊಟ್ಟೆಯ ಹತ್ತಿರ ಪರ್ ಎಂದು ಸದ್ದಾಯಿತು.

ಎದುರಿಗೇ ಟೈಲರ್ ಅಂಗಡಿ. ವೇಷ ಹೊಲಿದವನೂ ಅವನೇ. ಮಿಷನ್ ತುಳಿಯುವುದನ್ನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ ನೋಡಿದ.

"ಅಕ್ಕಾ, ಏನ್ ಮಾಡ್ಕೊಂಡ್ರಿ? ಮೂರ್ ತಿಂಗಳ ಹಿಂದೆ ಅಳತೆ ತಗೊಂಡಿದ್ದು ನಾನೇ. ಇಷ್ಟ್ ದಪ್ಪ ಆಗೋ ಹಾಗಿದ್ರೆ ಮೊದ್ಲೇ ಹೇಳೋದಲ್ವಾ, ಬಟ್ಟೆ ಒಳಗೆ ಬಿಟ್ಟು ಹೊಲೀತಿದ್ದೆ."

ಅಧ್ಯಕ್ಷರು ಕೊಕ್ಕು ಅಲ್ಲಾಡಿಸಿದರು. ಟೈಲರ್ ಅದನ್ನು ಕ್ಷಮೆಯೆಂದು ತಿಳಿದು ಸಮಾಧಾನ ಹೇಳಿದ: "ಹೋಗ್ಲಿ ಬಿಡಿ, ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ. ಮೊದ್ಲು ಬಂದು ನಿಂತ್ಕೊಳ್ಳಿ, ಎರಡು ಹೊಲಿಗೆ ಹಾಕಿ ಕೊಡ್ತೀನಿ." ಸೂಜಿ ಹಿಡಿದುಕೊಂಡು ಹಿಂದೆಯೇ ಬಂದ.

ಮೂಲೆಮನೆಯ ಜಗುಲಿಯಲ್ಲಿ ನಿವೃತ್ತ ಹೆಡ್ಮೇಷ್ಟ್ರು ಪೇಪರು ಓದುತ್ತಿದ್ದರು. ರಸ್ತೆಯಲ್ಲಿ ನಡೆಯುವುದೆಲ್ಲ ತಮ್ಮ ಸುಪರ್ದಿಗೆ ಬರುತ್ತದೆ ಎಂಬುದು ಅವರ ನಂಬಿಕೆ. ಹೊಸ ಕನ್ನಡಕಕ್ಕೆ ಬರೆಸಿ ಒಂದು ವಾರವಾಗಿತ್ತು, ಕನ್ನಡಕ ಇನ್ನೂ ಬಂದಿರಲಿಲ್ಲ.

"ಏಯ್, ಯಾರೂ ಅಲ್ಲಾಡ್ಬೇಡಿ," ಎಂದರು ಹೆಡ್ಮೇಷ್ಟ್ರು. "ಆರಡಿ ಹಕ್ಕಿ. ನಾನು ನೋಡ್ಕೋತೀನಿ. ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡ್ತೀನಿ."

"ಮೇಷ್ಟ್ರೇ, ಅದು ಅಕ್ಕ," ಎಂದ ಟೈಲರ್.

"ನಿಮ್ಮಕ್ಕ ಇರಬಹುದು ಕಣಯ್ಯ, ಕಚ್ಚಿದ್ರೆ ನೀನು ಬರ್ತೀಯಾ?"

ಹೆಡ್ಮೇಷ್ಟ್ರು ಮೊಬೈಲನ್ನು ಎಲ್ಲರಿಗೂ ಕೇಳುವಂತೆ ಜೋರು ಮಾಡಿ ಕೇಂದ್ರದ ನಂಬರು ಒತ್ತಿದರು. ಕೇಂದ್ರದಲ್ಲಿ ಯಾರೂ ಇಲ್ಲದಾಗ ಕರೆ ಅಧ್ಯಕ್ಷರ ಮೊಬೈಲಿಗೇ ಬರುತ್ತದೆ. ಎರಡು ಸಂಗತಿ ಒಟ್ಟಿಗೇ ನಡೆದವು. ಹಕ್ಕಿಯ ಹೊಟ್ಟೆಯೊಳಗಿಂದ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿತು. ಇತ್ತ ಹೆಡ್ಮೇಷ್ಟ್ರ ಮೊಬೈಲಿನಿಂದ, ಕರೆ ಮಾಡಿದವರಿಗೆಲ್ಲ ಕೇಳಲೆಂದು ಅಧ್ಯಕ್ಷರು ತಾವೇ ಹೇಳಿ ಹಾಕಿಸಿದ್ದ ಮಾತು ಗುಡುಗಿತು: "ಪ್ರಿಯ ನಾಗರಿಕರೇ, ವನ್ಯಜೀವಿಗಳು ನಮ್ಮ ಒಡಹುಟ್ಟಿದವರು. ಬನ್ನಿ, ಅವರ ನೋವಿಗೆ ಕಿವಿಯಾಗೋಣ."

ವನ್ಯಜೀವಿ ಅದನ್ನು ಕೇಳಿದ್ದೇ ಕಾಲಿಗೆ ಬುದ್ಧಿ ಹೇಳಿತು. ಅಧ್ಯಕ್ಷರ ಭಾಷಣ ಕೇಳಿ ಓಡಿದವರಲ್ಲಿ ಇದು ಮೊದಲನೆಯದೇನಲ್ಲ, ಆದರೆ ಇಷ್ಟು ಬೇಗ ಓಡಿದವರು ಯಾರೂ ಇರಲಿಲ್ಲ.

"ಹಕ್ಕಿ ಮೊಬೈಲ್ ನುಂಗಿಬಿಟ್ಟಿದೆ," ಎಂದು ಹೆಡ್ಮೇಷ್ಟ್ರು ಘೋಷಿಸಿದರು. "ಯಾರದ್ದು ಕಳೆದಿದೆ ನೋಡ್ಕೊಳ್ಳಿ."

ರಸ್ತೆಯವರೆಲ್ಲ ತಮ್ಮ ತಮ್ಮ ಜೇಬು ತಡವಿಕೊಂಡರು. ಮಹಡಿಯ ಮೇಲಿನ ಅಜ್ಜಿ ಪಾಪ ಹಸಿದಿರಬೇಕೆಂದು ಬ್ರೆಡ್ಡು ಎಸೆದರು. ಅದು ಅಧ್ಯಕ್ಷರ ಮುಸುಕಿನ ಮೇಲೆ ಬಿತ್ತು. ಅವರು ಬಟ್ಟೆಯ ಹೊರಗಿನಿಂದಲೇ ಜೇಬಿಗೆ ಗುದ್ದಿ ಗುದ್ದಿ ಮೊಬೈಲಿನ ಬಾಯಿ ಮುಚ್ಚಿಸಿದರು. ನೋಡುವವರಿಗೆ ಹಕ್ಕಿ ತನ್ನ ಹೊಟ್ಟೆಯನ್ನು ತಾನೇ ಹೊಡೆದುಕೊಂಡು ಗೋಳಾಡುವಂತೆ ಕಾಣುತ್ತಿತ್ತು.

ಮರಿ ರಸ್ತೆಯ ತುದಿಯ ಕಸದ ತೊಟ್ಟಿಯ ಹಿಂದೆ ನಿಂತು ನಡುಗುತ್ತಿತ್ತು. ಅದರಾಚೆ ದೊಡ್ಡ ರಸ್ತೆ, ಲಾರಿ ಬಸ್ಸುಗಳ ಓಡಾಟ. ಇನ್ನು ಹತ್ತು ಹೆಜ್ಜೆ ಹಾಕಿತೋ, ಕಥೆ ಮುಗಿಯಿತು. ಹತ್ತಿರ ಹೋದರೆ ಇನ್ನೂ ಹೆದರುತ್ತದೆ, ಕರೆಯಲು ಬಾಯಿಲ್ಲ. ಈ ಜಾತಿಯ ಕೊಕ್ಕರೆಗಳು ತಮ್ಮವರನ್ನು ಕಂಡರೆ ಕುಣಿಯುತ್ತವೆ ಎಂದು ಅಧ್ಯಕ್ಷರು ನೂರಾರು ವೇದಿಕೆಗಳಲ್ಲಿ ಹೇಳಿದ್ದರು. ಹೇಗೆ ಕುಣಿಯುತ್ತವೆ ಎಂದು ಯಾರೂ ಕೇಳಿರಲಿಲ್ಲ.

ಅಧ್ಯಕ್ಷರು ಕುಣಿದರು. ರಸ್ತೆಯ ನಡುವೆ ಎರಡೂ ತೋಳು ಬಿಚ್ಚಿ, ಮೊಣಕಾಲೆತ್ತಿ ನೆಗೆದರು. ಕತ್ತು ಬಗ್ಗಿಸಿ ಒಂದು ಸುತ್ತು ಬಂದರು. ಬಿದ್ದಿದ್ದ ಕಡ್ಡಿಯೊಂದನ್ನು ಕೊಕ್ಕಿನಿಂದ ಎತ್ತಿ ಗಾಳಿಗೆ ತೂರಿ, ಮತ್ತೆ ನೆಗೆದರು. ಹೊಟ್ಟೆಯ ಹೊಲಿಗೆ ಇನ್ನೊಂದು ಗೇಣು ಬಿಚ್ಚಿಕೊಂಡಿತು. ತೊಟ್ಟಿಯ ಹಿಂದಿನಿಂದ ಮರಿ ಇಣುಕಿತು. ಒಂದು ಕಾಲೆತ್ತಿತು, ಇನ್ನೊಂದೆತ್ತಿತು. ತಾನೂ ಕುಣಿಯುತ್ತ, ಪೀ ಪೀ ಎನ್ನುತ್ತ ಬಂದು ಅವರ ಕಾಲು ಸೇರಿತು.

ಐವತ್ತಾರು ವರ್ಷದ ಆ ಮನುಷ್ಯ ಜಾಲರಿಯ ಹಿಂದೆ ಮೂಗೊರೆಸಿಕೊಳ್ಳಲೂ ಆಗದೆ ಅತ್ತುಬಿಟ್ಟರು. ಅವರಿಗೆ ಅಷ್ಟು ಸಂತೋಷವಾಗಿತ್ತು.

ಕುಣಿಯುತ್ತಲೇ ಹಿಂದಕ್ಕೆ ನಡೆದರು, ಮರಿ ಹಿಂಬಾಲಿಸಿತು. ಅವರ ಹಿಂದೆ ಸೂಜಿ ಹಿಡಿದ ಟೈಲರ್, ಅವನ ಹಿಂದೆ ದಾರಿ ಬಿಡಿಸುತ್ತ ಹೆಡ್ಮೇಷ್ಟ್ರು, ಎಲ್ಲರ ಹಿಂದೆ ಹಾರ್ನು ಹೊಡೆಯಲು ಮನಸ್ಸಾಗದೆ ತೆವಳುತ್ತಿದ್ದ ಒಂದು ಬಿಳಿ ಕಾರು. ಕಾರಿನಲ್ಲಿ ಟ್ರಸ್ಟಿಗಳಿದ್ದರು.

ಹನ್ನೊಂದು ಹೊಡೆಯಿತು. ಸಭೆಯ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಹಿರಿಯ ಟ್ರಸ್ಟಿಯಾದ ನಿವೃತ್ತ ನ್ಯಾಯಾಧೀಶೆ ಖಾಲಿ ಕುರ್ಚಿಯನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡಿದರು. ಅವರ ಪಕ್ಕದಲ್ಲಿ ನಿವೃತ್ತ ಎಂಜಿನಿಯರ್. ಹನ್ನೆರಡರವರೆಗೆ ಕಾದರು. ಊಟ ಮುಗಿಸಿ ಒಂದರವರೆಗೆ ಕಾದರು. ಅಧ್ಯಕ್ಷರು ಬರಲಿಲ್ಲ, ಕಿಟಕಿಯಿಂದ ಎರಡು ಮಾರು ದೂರದಲ್ಲಿ ನಿಂತು ಕೆಸರು ಕೆದಕುತ್ತಿದ್ದರು.

ಕೊನೆಗೆ ನ್ಯಾಯಾಧೀಶೆ ಕಿಟಕಿಗೆ ಬಂದರು.

"ಅಕ್ಕಾ, ನಿಮ್ಮ ಅಧ್ಯಕ್ಷರು ಎಲ್ಲಿ? ಇನ್ನು ಐದು ನಿಮಿಷ ನೋಡ್ತೀವಿ. ಬರ್ಲಿಲ್ಲ ಅಂದ್ರೆ ಅವರ ಹೆಸರು ಬಿಟ್ಟುಹೋಗುತ್ತೆ."

ಅಧ್ಯಕ್ಷರ ಬಾಯಿಗೆ ಬಂದದ್ದು ಎರಡೇ ಎರಡು ಮಾತು: 'ನಾನೇ ಮೇಡಂ.' ಅಷ್ಟು ಹೇಳಿದರೆ ಕುರ್ಚಿ ಉಳಿಯುತ್ತದೆ. ಮರಿ ಆಗಷ್ಟೇ ಹೊಟ್ಟೆ ತುಂಬಿ, ಅವರ ಪಾದದ ಮೇಲೆ ಕತ್ತಿಟ್ಟು ಮಲಗಿತ್ತು. ಕಾಲು ಕಿತ್ತರೆ ಏಳುತ್ತದೆ, ಹಿಂದೆಯೇ ಬರುತ್ತದೆ. ಒಂದೇ ಮಾತು, ಮೆಲ್ಲಗೆ ಹೇಳಿದರೆ ಮರಿಗೇನು ತಿಳಿಯುತ್ತದೆ ಎಂದುಕೊಂಡರು. ಬಾಗಿಲ ಮೇಲಿನ ಬೋರ್ಡು ನೋಡಿದರು. ಪಾದದ ಮೇಲಿನ ಕತ್ತು ನೋಡಿದರು, ಅದು ಬೆಚ್ಚಗಿತ್ತು.

ಅವರು ಕೊಕ್ಕನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರು. ಗೊತ್ತಿಲ್ಲ.

"ನೋಡಿ," ಎಂದರು ನ್ಯಾಯಾಧೀಶೆ ಒಳಗೆ ತಿರುಗಿ, "ಆ ಹೆಣ್ಣುಮಗಳು ಬೆಳಿಗ್ಗೆಯಿಂದ ನಿಂತ ಕಾಲ ಮೇಲೆ ನಿಂತಿದಾಳೆ. ರಸ್ತೇಲಿ ಕುಣಿದು ಮರಿ ಉಳಿಸಿದಾಳೆ. ಒಂದು ಮಾತಿಲ್ಲ."

"ಅಧ್ಯಕ್ಷರಾಗಿದ್ರೆ ಕೊಕ್ಕರೆ ಪರಿಸ್ಥಿತಿ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿರೋರು," ಎಂದರು ಎಂಜಿನಿಯರ್. "ಅಷ್ಟರಲ್ಲಿ ಮರಿ ಲಾರಿ ಕೆಳಗೆ."

ಅಧ್ಯಕ್ಷರಿಗೆ ಒಂದು ಕಣ್ಣಿನಲ್ಲಿ ಸಿಟ್ಟು, ಇನ್ನೊಂದರಲ್ಲಿ ನಾಚಿಕೆ. ಹೊಗಳಿಸಿಕೊಳ್ಳುತ್ತಿರುವವರೂ ತಾವೇ, ಬೈಸಿಕೊಳ್ಳುತ್ತಿರುವವರೂ ತಾವೇ. ಐದು ನಿಮಿಷ ಕಳೆಯಿತು. ಮಾತಾಡುವ ನಿಯಮ ಕುರ್ಚಿ ಕೇಳುವವರಿಗೆ, ಕೇಳದವರಿಗಲ್ಲ ಎಂದರು ನ್ಯಾಯಾಧೀಶೆ. ಅಕ್ಕನನ್ನೇ ಅಧ್ಯಕ್ಷೆಯಾಗಿ ಆರಿಸಲಾಗಿದೆಯೆಂದು ಎಂಜಿನಿಯರ್ ಬರೆದರು, ಎಲ್ಲರೂ ಸಹಿ ಹಾಕಿದರು.

ಎರಡು ಗಂಟೆಗೆ ಸಭೆಯ ಬಾಗಿಲು ತೆರೆದು ಅಕ್ಕ ಒಳಗೆ ಬಂದಳು. ಕೆನ್ನೆ ಬೆಳಿಗ್ಗೆಗಿಂತ ದಪ್ಪಗಿತ್ತು, ಬಾಯಿ ತುಂಬ ಹತ್ತಿ. ಹಲ್ಲು ಮೂರು ತುಂಡಾಗಿ ಬಂದಿತ್ತಂತೆ. ಟ್ರಸ್ಟಿಗಳು ಅವಳನ್ನು ನೋಡಿದರು, ಕಿಟಕಿಯಾಚೆ ನಿಂತ ಕೊಕ್ಕರೆಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ಹಾಗಾದ್ರೆ ಅದು ಯಾರು?" ಎಂದರು ನ್ಯಾಯಾಧೀಶೆ.

ಅಕ್ಕ ಮೇಜಿನ ಮೇಲಿನ ಕಾಗದ ಎಳೆದುಕೊಂಡು ಬರೆದಳು. ನ್ಯಾಯಾಧೀಶೆ ಗಟ್ಟಿಯಾಗಿ ಓದಿದರು: "ಎಂಟೂವರೆಯಿಂದ ಒಳಗಿರೋದು ಅಧ್ಯಕ್ಷರು."

ಹಿತ್ತಲಲ್ಲಿ ಅಧ್ಯಕ್ಷರಿಗೆ ಹೋದ ಜೀವ ಬಂದಂತಾಯಿತು. ಅಕ್ಕ ದೇವರಂಥವಳು, ಅವಳಿಗೆ ಮುಂದಿನ ತಿಂಗಳಿಂದಲೇ ಹೊಸ ಕೋಣೆ ಕೊಡಿಸಬೇಕು ಎಂದುಕೊಂಡರು. ಭಾಷಣದ ಹಾಳೆ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡರು.

"ಎಂಟೂವರೆಯಿಂದ?" ಎಂಜಿನಿಯರ್ ಬೆರಳು ಮಡಚಿ ಲೆಕ್ಕ ಹಾಕಿದರು. "ಐದೂವರೆ ಗಂಟೆ. ಒಂದು ಮಾತೂ ಆಡದೆ. ನಮ್ಮ ಅಧ್ಯಕ್ಷರು."

ಟ್ರಸ್ಟಿಗಳೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ನ್ಯಾಯಾಧೀಶೆಯ ಕಣ್ಣು ಒದ್ದೆಯಾಗಿತ್ತು.

"ತಪ್ಪು ನಮ್ಮದು," ಎಂದರು ಅವರು. "ಇಂಥ ಮನುಷ್ಯನ್ನ ಹದಿನೈದು ವರ್ಷ ಕುರ್ಚಿಗೆ ಕಟ್ಟಿಹಾಕಿಬಿಟ್ವಿ. ಕುರ್ಚಿಯಿಂದ ಬಿಡಿಸಿದ ಮೊದಲನೇ ದಿನವೇ ಎಂಥಾ ಕೆಲಸ ಮಾಡಿದಾರೆ ನೋಡಿ. ಬರೆದಿರೋದನ್ನ ಒಂದಕ್ಷರವೂ ಬದಲಾಯಿಸೋದು ಬೇಡ. ಅಕ್ಕ ಕುರ್ಚಿಗೆ, ಇವರು ಮರಿಗೆ."

ಅಕ್ಕ ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದಳು. ಮರಿ ಎದ್ದು, ಎಡಗಾಲು ಹೊರಗೆ ತಿರುಗಿಸಿ ನಾಲ್ಕು ಹೆಜ್ಜೆ ನಡೆಯಿತು. ಅವಳು ಮತ್ತೆ ಪೆನ್ನು ತೆಗೆದುಕೊಂಡಳು. ಈ ಸಲ ಎಂಜಿನಿಯರ್ ಓದಿದರು: "ಮರಿ ಇವರ ನಡಿಗೆ ಕಲಿತುಬಿಟ್ಟಿದೆ. ಇನ್ನು ತಾಯಿ ಬದಲಾಗೋ ಹಾಗಿಲ್ಲ. ಹಾರೋದಕ್ಕೆ ಇನ್ನೂ ಮೂರು ತಿಂಗಳು ಬೇಕು. ಆ ಜೋಡಿ ಅದೇ ಜಾಗದಲ್ಲಿ ಕಟ್ಟಿದ್ದ ಹೊಸ ಗೂಡೂ ಬಿದ್ದು, ನಿನ್ನೆ ಇನ್ನೆರಡು ಮೊಟ್ಟೆ ಸಿಕ್ಕಿವೆ."

ಟ್ರಸ್ಟಿಗಳೆಲ್ಲ ಕಿಟಕಿಗೆ ಬಂದರು. ಮರಿ ಬೆದರದಿರಲೆಂದು ಚಪ್ಪಾಳೆ ತಟ್ಟದೆ ಕೈ ಮೇಲೆತ್ತಿ ಆಡಿಸಿದರು. ಅಧ್ಯಕ್ಷರು, ಈಗ ಅಧ್ಯಕ್ಷರಲ್ಲದ ಅಧ್ಯಕ್ಷರು, ಇದು ಅನ್ಯಾಯ, ನನಗೂ ಹೇಳುವುದಿದೆ, ಹದಿನೆಂಟು ಪುಟವಿದೆ ಎಂದು ಬಲಗೈಯನ್ನು ಜೋರಾಗಿ ಮೇಲೆತ್ತಿದರು. ಕೊಕ್ಕು ಆಕಾಶಕ್ಕೆ ನೆಟ್ಟಗೆ ನಿಂತಿತು. ಮರಿಯೂ ತನ್ನ ಕೊಕ್ಕನ್ನು ಆಕಾಶಕ್ಕೆತ್ತಿತು.

"ಒಪ್ಪಿದಾರೆ," ಎಂದರು ನ್ಯಾಯಾಧೀಶೆ.

ಹೊಸ ಅಧ್ಯಕ್ಷೆ ಕಿಟಕಿಯಿಂದ ಒಂದು ಚೀಟಿ ಹೊರಚಾಚಿ, ಅವರು ಓದಿ ಮುಗಿಸುವವರೆಗೂ ಹಿಡಿದುಕೊಂಡಿದ್ದಳು. 'ನಾಳೆಯಿಂದ ಬೆಳಿಗ್ಗೆ ಏಳಕ್ಕೆ ಬನ್ನಿ. ಟೈಲರ್‌ಗೆ ಹೊಸ ಅಳತೆ ಕೊಡಿ.'

ಅವರು ಚೀಟಿಯನ್ನು ಎರಡು ಸಲ ಓದಿದರು. ಬಾಯಿ ತುಂಬ ಮಾತಿತ್ತು. ಮರಿ ಅವರ ಬಟ್ಟೆಯ ಅಂಚು ಹಿಡಿದು ಎಳೆಯಿತು. ಅದಕ್ಕೆ ಮತ್ತೆ ಹಸಿವಾಗಿತ್ತು. ಅವರು ಬಗ್ಗಿ ಕೆಸರಿನಲ್ಲಿ ಹುಳು ಹುಡುಕತೊಡಗಿದರು.